ವ್ಯಾಜ್ಯವು ಯಾವ ಊರಿನಲ್ಲಿ?

ಪೇಟೆಗೆ ನಡೆದುಹೋಗಿ ಸಾಮಾನು ಕೊಳ್ಳುತ್ತಿದ್ದ ಕಾಲದಲ್ಲಿ ಕೊಂಡವನಿಗೂ ಮಾರಿದವನಿಗೂ ಸಾಮಾನ್ಯವಾಗಿ ಊರು ಒಂದೇ ಆಗಿರುತ್ತಿತ್ತು. ಕೊಂಡ ಕೊಡವು ಸೋರಿದರೆ ಅದನ್ನೆತ್ತಿಕೊಂಡು ಅದೇ ಅಂಗಡಿಯ ಮೆಟ್ಟಿಲಿಗೆ ಹೋಗಿ ಕೇಳಬಹುದಾಗಿತ್ತು. ಅಂಗಡಿಯವನು ಮೊಂಡು ಹಿಡಿದರೆ ನಾಲ್ಕು ಮಂದಿ ದೊಡ್ಡವರ ಮುಂದೆ ಹೇಳಬಹುದಾಗಿತ್ತು. ಅದಕ್ಕೂ ಬಗ್ಗದಿದ್ದರೆ ಸಮೀಪದ ಮುನ್ಸೀಫ್ ಕೋರ್ಟು ಇದ್ದೇ ಇತ್ತು. ಈಗಲಾದರೋ ಪೇಟೆಯೇ ಮೊಬೈಲ್ ಫೋನಿನೊಳಕ್ಕೆ ಬಂದು ಸೇರಿರುವುದು. ಸಾಮಾನು ಮನೆಯ ಬಾಗಿಲಿಗೆ ಬರುತ್ತದೆ. ಹಣವು ಬೆರಳಿನ ತುದಿಯಿಂದ ಹೋಗುತ್ತದೆ. ಮಾರಿದವನ ಮುಖವನ್ನು ಮಾತ್ರ ಯಾರೂ ಕಂಡಿರುವುದಿಲ್ಲ. ಇದರಿಂದ ಆಗಿರುವ ಅನುಕೂಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕೊಡವು ಸೋರಿದಾಗ ಯಾವ ಮೆಟ್ಟಿಲಿಗೆ ಹೋಗಬೇಕೆಂಬ ಪ್ರಶ್ನೆಯು ಹಾಗೆಯೇ ಉಳಿದಿದೆ. ಈ ತಿಂಗಳು ಅದನ್ನೇ ವಿಚಾರಮಾಡೋಣ.

ಆನ್‌ಲೈನ್ ಅಂಗಡಿಯಲ್ಲಿ ಹೆಸರು ಬರೆಸುವಾಗ “ಷರತ್ತುಗಳನ್ನು ಒಪ್ಪಿದ್ದೇನೆ” ಎಂಬುದೊಂದು ಗುಂಡಿಯನ್ನು ಒತ್ತಬೇಕಾಗುತ್ತದೆಯಷ್ಟೆ. ಆ ಗುಂಡಿಯ ಹಿಂದೆ ಹತ್ತಾರು ಪುಟಗಳ ಕರಾರುಪತ್ರವು ಅಡಗಿರುತ್ತದೆ. ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದು. ಅದನ್ನು ಕಡೆಯವರೆಗೆ ಓದಿದ ಗೃಹಸ್ಥರು ವಿರಳ. ಆ ಪತ್ರದ ಕೊನೆಯ ಭಾಗದಲ್ಲಿ ಸಾಧಾರಣವಾಗಿ ಎರಡು ವಾಕ್ಯಗಳಿರುತ್ತವೆ. ಈ ಕರಾರಿಗೆ ಇಂಥ ದೇಶದ ಕಾನೂನು ಅನ್ವಯಿಸತಕ್ಕದ್ದು ಎಂಬುದು ಮೊದಲನೆಯದು. ಇದರಿಂದ ಹುಟ್ಟುವ ವ್ಯಾಜ್ಯಗಳೆಲ್ಲವೂ ಇಂಥ ಊರಿನ ನ್ಯಾಯಾಲಯಗಳಲ್ಲಿಯೇ ನಡೆಯತಕ್ಕದ್ದು ಎಂಬುದು ಎರಡನೆಯದು. ಈ ಎರಡನ್ನೂ ಒಂದೇ ಎಂದು ತಿಳಿಯಬಾರದು. ಮೊದಲನೆಯದು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ಹೇಳುತ್ತದೆ. ಎರಡನೆಯದು ಯಾರ ಮನೆಯಂಗಳದಲ್ಲಿ ಅಳೆಯಬೇಕೆಂಬುದನ್ನು ಹೇಳುತ್ತದೆ. ದೆಹಲಿಯ ನ್ಯಾಯಾಲಯದಲ್ಲಿ ಬೇರೆ ದೇಶದ ಕಾನೂನಿನಂತೆ ತೀರ್ಪಾಗುವುದೂ ಉಂಟು.

ಇದರಿಂದ ನಷ್ಟವೇನೆಂದು ಕೇಳುವವರಿಗಾಗಿ ಒಂದು ಲೆಕ್ಕವನ್ನು ಮಾಡಿ ತೋರಿಸುವೆವು. ಕುಂದಾಪುರದ ಗೃಹಸ್ಥನೊಬ್ಬನು 6,000 ರೂಪಾಯಿ ಕೊಟ್ಟು ಹಿಟ್ಟು ರುಬ್ಬುವ ಗ್ರೈಂಡರನ್ನು ತರಿಸಿದನೆಂದೂ, ಅದು ತಿಂಗಳೊಳಗೆ ಕೆಟ್ಟಿತೆಂದೂ, ಮಾರಿದವನು ಹಣವನ್ನೂ ಕೊಡದೆ ರಿಪೇರಿಯನ್ನೂ ಮಾಡದೆ ಕೈಕೊಡವಿದನೆಂದೂ ಭಾವಿಸೋಣ. ಕರಾರಿನಲ್ಲಿ ದೆಹಲಿಯ ನ್ಯಾಯಾಲಯಗಳೆಂದು ಬರೆದಿದೆ. ಕುಂದಾಪುರದಿಂದ ದೆಹಲಿಗೆ ಎರಡು ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಒಂದು ಸಲ ಹೋಗಿಬರುವ ರೈಲಿನ ಖರ್ಚು, ಅಲ್ಲಿಯ ಊಟ ವಸತಿ, ವಕೀಲರ ಫೀಜು, ಕೆಲಸಕ್ಕೆ ಹೋಗದ ದಿನಗಳ ಸಂಬಳ ಇವನ್ನು ಕೂಡಿಸಿದರೆ ಗ್ರೈಂಡರಿನ ಕ್ರಯವು ಮೊದಲನೆಯ ವಾಯಿದೆಗೇ ಮುಗಿದುಹೋಗುತ್ತದೆ. ವಾಯಿದೆಗಳು ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಆದುದರಿಂದ ಆ ಗೃಹಸ್ಥನು ನಿಟ್ಟುಸಿರು ಬಿಟ್ಟು ಸುಮ್ಮನಾಗುವನು. ಅವನ ಹಕ್ಕನ್ನು ಯಾರೂ ಕಿತ್ತುಕೊಂಡಿಲ್ಲ. ಆದರೂ ಅದು ಅವನಿಗೆ ದಕ್ಕಲಿಲ್ಲ. ಇಂಥವರು ಸಾವಿರ ಮಂದಿ ಸುಮ್ಮನಾದರೆ ಮಾರಿದವನ ಪೆಟ್ಟಿಗೆಯಲ್ಲಿ 60 ಲಕ್ಷ ರೂಪಾಯಿ ಉಳಿಯಿತೆಂಬುದನ್ನು ವಾಚಕರು ಮರೆಯಬಾರದು.

ಓದದೆ ಒತ್ತಿದ ಗುಂಡಿಗೆ ನಾವು ಬದ್ಧರಲ್ಲವೆಂದು ಕೆಲವರು ವಾದಿಸುವರು. ಈ ವಾದವು ನಿಲ್ಲತಕ್ಕದ್ದಲ್ಲ. ವಿದ್ಯುನ್ಮಾನದ ಮೂಲಕ ಆದುದೆಂಬ ಒಂದೇ ಕಾರಣದಿಂದ ಕರಾರು ಅಸಿಂಧುವಾಗುವುದಿಲ್ಲವೆಂದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ ಆಮೇಲೆ ಸೇರಿಸಿದ 10ಎ ಪ್ರಕರಣವು ಹೇಳುತ್ತದೆ. ಸಹಿ ಹಾಕಿದವನು ಪತ್ರವನ್ನು ಓದಿಲ್ಲವೆಂದರೆ ಹೇಗೆ ನಡೆಯುವುದಿಲ್ಲವೋ ಹಾಗೆಯೇ ಇದೂ. ಒಂದು ರಕ್ಷಣೆ ಮಾತ್ರ ಉಂಟು: 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ಕೊಳ್ಳುವವನ ಒಪ್ಪಿಗೆಯನ್ನು ಅವನು ತಾನಾಗಿ ಸ್ಪಷ್ಟವಾಗಿ ಕೊಟ್ಟಿರಬೇಕು, ಅಂಗಡಿಯವನೇ ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಒಪ್ಪಿಗೆಯೆಂದು ದಾಖಲು ಮಾಡುವುದು ಸಲ್ಲದು. ಆದರೆ ಗುಂಡಿಯನ್ನು ನಾವೇ ಒತ್ತಿದ ಮೇಲೆ ಕರಾರು ಕರಾರೇ. ಇನ್ನು ಆ ಕರಾರಿನ ಪ್ರತಿಯೊಂದು ಮಾತೂ ಕಾನೂನಿನ ಮುಂದೆ ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಊರನ್ನು ಗೊತ್ತುಮಾಡುವ ಈ ಷರತ್ತು ಅಂತರ್ಜಾಲದೊಡನೆ ಹುಟ್ಟಿದುದಲ್ಲ. ಹಳೆಯ ಜವಳಿ ಅಂಗಡಿಗಳ ಬಿಲ್ಲುಗಳಲ್ಲಿಯೂ ಲಾರಿ ಕಂಪನಿಗಳ ರಸೀದಿಗಳಲ್ಲಿಯೂ, ಬೊಂಬಾಯಿಯ ನ್ಯಾಯಾಲಯಗಳಿಗೆ ಒಳಪಟ್ಟಿದೆ ಎಂಬ ಅರ್ಥದ ಸಣ್ಣ ಅಕ್ಷರದ ಸಾಲನ್ನು ನಮ್ಮ ವಾಚಕರಲ್ಲಿ ವಯಸ್ಸಾದವರು ಕಂಡೇ ಇರುವರು. ಅದರ ಬಗೆಗೆ ನ್ಯಾಯಾಲಯಗಳು ಬಹುಕಾಲದಿಂದ ವಿಚಾರಮಾಡುತ್ತ ಬಂದಿವೆ. 1872ರ ಭಾರತೀಯ ಕರಾರು ಅಧಿನಿಯಮದ 28ನೆಯ ಪ್ರಕರಣದಂತೆ, ಒಬ್ಬನು ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಸಂಪೂರ್ಣವಾಗಿ ಮುಚ್ಚುವ ಕರಾರು ಶೂನ್ಯ. ಆದರೆ ಎರಡು ಮೂರು ನ್ಯಾಯಾಲಯಗಳಿಗೆ ಅಧಿಕಾರವಿರುವಾಗ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ದಾರಿ ಮುಚ್ಚಿದಂತಲ್ಲವೆಂದು ಹಾಕಮ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1971ರಲ್ಲಿ ತೀರ್ಮಾನಿಸಿತು. ಅದರೊಡನೆಯೇ, ಅಧಿಕಾರವಿಲ್ಲದ ನ್ಯಾಯಾಲಯಕ್ಕೆ ಉಭಯರ ಒಪ್ಪಿಗೆಯು ಅಧಿಕಾರವನ್ನು ತಂದುಕೊಡಲಾರದೆಂದೂ ಹೇಳಿತು. ಇವೆರಡೂ ಈ ವಿಷಯಕ್ಕೆ ಮೂಲಸೂತ್ರಗಳು.

ಮೂಲಸೂತ್ರಗಳಿದ್ದಲ್ಲಿ ಭಾಷ್ಯಗಳೂ ಹುಟ್ಟುವುವಷ್ಟೆ. ಗುಜರಾತಿನ ತಯಾರಕರಿಗೂ ತಮಿಳುನಾಡಿನ ಸೇಲಂನ ವರ್ತಕರಿಗೂ ನಡೆದ ವ್ಯಾಜ್ಯವೊಂದರಲ್ಲಿ ಕೈರಾ ನ್ಯಾಯಾಲಯದ ಹೆಸರು ಕರಾರಿನಲ್ಲಿದ್ದಿತು. “ಮಾತ್ರ” ಎಂಬ ಶಬ್ದವಾಗಲಿ ಅಂಥದೇ ಬೇರೆ ಶಬ್ದವಾಗಲಿ ಅಲ್ಲಿ ಇಲ್ಲದುದರಿಂದ ಸೇಲಂ ನ್ಯಾಯಾಲಯದ ಅಧಿಕಾರವು ತಪ್ಪಲಿಲ್ಲವೆಂದು 1989ರಲ್ಲಿ ತೀರ್ಪಾಯಿತು. ಒಂದು ಅವ್ಯಯಕ್ಕೆ ಎಷ್ಟು ಬೆಲೆಯೆಂಬುದನ್ನು ವೈಯಾಕರಣರು ಇಲ್ಲಿ ನೋಡಿ ಸಂತೋಷಪಡಬಹುದು. ಆದರೆ 2013ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ, ಕೋಲ್ಕತ್ತದ ಹೆಸರನ್ನು ಬರೆದಮೇಲೆ ಉಳಿದ ಊರುಗಳನ್ನು ಬಿಡುವುದೇ ಉಭಯರ ಅಭಿಪ್ರಾಯವೆಂದೂ, “ಮಾತ್ರ” ಎಂಬ ಶಬ್ದವಿಲ್ಲದಿದ್ದರೂ ಚಿಂತೆಯಿಲ್ಲವೆಂದೂ ಅದೇ ಸುಪ್ರೀಂ ಕೋರ್ಟು ಹೇಳಿತು. ಬೋಡಿನಾಯಕನೂರಿನಿಂದ ದೆಹಲಿಗೆ ಕಳುಹಿಸಿದ ಏಲಕ್ಕಿಯ ವ್ಯಾಜ್ಯದಲ್ಲಿ ಲಾರಿ ಕಂಪನಿಯವರು ರಸೀದಿಯ ಸಾಲನ್ನು ತೋರಿಸಿ, ಬೊಂಬಾಯಿಗೆ ಬರಬೇಕೆಂದರು. ಮಾಲನ್ನು ಒಪ್ಪಿಸಿದ ಊರಿನಲ್ಲಿಯೇ ಕಂಪನಿಯ ಶಾಖೆಯಿದ್ದುದರಿಂದ ಬೊಂಬಾಯಿಯ ನ್ಯಾಯಾಲಯಕ್ಕೆ ಅಧಿಕಾರವೇ ಇಲ್ಲವೆಂದು 1991ರಲ್ಲಿ ಆ ವಾದವು ಬಿದ್ದುಹೋಯಿತು.

ಇವೆಲ್ಲವೂ ಬಹುಮಟ್ಟಿಗೆ ವರ್ತಕರಿಗೂ ವರ್ತಕರಿಗೂ ನಡೆದ ವ್ಯಾಜ್ಯಗಳು. ಮನೆಯ ಬಳಕೆಗೆ ಕೊಳ್ಳುವವನ ವಿಷಯವು ಬೇರೆ. ಅವನಿಗಾಗಿ 1986ರಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮವು ಬಂದಿತು. ಆದರೆ ಆ ಹಳೆಯ ಕಾನೂನಿನಲ್ಲಿಯೂ ದೂರು ಕೊಡುವ ಊರು ಎದುರುಪಕ್ಷದವನ ಊರಾಗಿರಬೇಕಾಗಿತ್ತು, ಇಲ್ಲವೇ ವ್ಯಾಜ್ಯಕಾರಣವು ಹುಟ್ಟಿದ ಊರಾಗಿರಬೇಕಾಗಿತ್ತು. ಕೊಂಡವನು ವಾಸಿಸುವ ಊರೆಂಬ ಮಾತು ಅಲ್ಲಿ ಇರಲಿಲ್ಲ. ಅಂಬಾಲೆಯ ಗೋದಾಮಿಗೆ ಬೆಂಕಿ ಬಿದ್ದ ವಿಷಯದಲ್ಲಿ ಚಂಡೀಗಢದಲ್ಲಿ ಕೊಟ್ಟ ದೂರನ್ನು, ವಿಮಾ ಕಂಪನಿಯ ಶಾಖೆಯು ಅಲ್ಲಿದ್ದರೂ, ಸುಪ್ರೀಂ ಕೋರ್ಟು 2009ರಲ್ಲಿ ಒಪ್ಪಲಿಲ್ಲ. ವ್ಯಾಜ್ಯಕಾರಣವು ಅಲ್ಲಿ ಹುಟ್ಟಿರಲಿಲ್ಲವೆಂಬುದೇ ಅದಕ್ಕೆ ಕಾರಣ. ಗುಂಡಿ ಒತ್ತಿ ಕೊಂಡ ಸಾಮಾನಿನ ವ್ಯಾಜ್ಯಕಾರಣವು ಯಾವ ಊರಿನಲ್ಲಿ ಹುಟ್ಟಿತೆಂದು ನಿರ್ಣಯಿಸುವುದು ಎಷ್ಟು ತೊಡಕೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ತೊಡಕನ್ನು 2019ರ ಹೊಸ ಅಧಿನಿಯಮವು ಕತ್ತರಿಸಿ ಹಾಕಿತು. 2020ರ ಜುಲೈ 20ರಿಂದ ಜಾರಿಗೆ ಬಂದಿರುವ ಅದರ 34ನೆಯ ಪ್ರಕರಣದಲ್ಲಿ, ದೂರುದಾರನು ವಾಸಿಸುವ ಅಥವಾ ಸ್ವತಃ ಕೆಲಸಮಾಡಿ ಸಂಪಾದಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೂ ದೂರು ಕೊಡಬಹುದೆಂದು ಬರೆದಿರುವುದು. ಆನ್‌ಲೈನಿನಲ್ಲಿ ಕೊಂಡವನೂ ಗ್ರಾಹಕನೇ ಎಂದು ಅದೇ ಅಧಿನಿಯಮವು ಹೆಸರಿಸಿ ಹೇಳಿದೆ. ಹೀಗಾಗಿ ಕುಂದಾಪುರದ ಗೃಹಸ್ಥನು ದೆಹಲಿಯ ರೈಲು ಹತ್ತಬೇಕಾಗಿಲ್ಲ. ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರೆ ಸಾಕು. ಬೆಂಗಳೂರಿನಲ್ಲಿ ಮೂಲಕಚೇರಿಯನ್ನಿಟ್ಟುಕೊಂಡು, ಬೆಂಗಳೂರಿನ ನ್ಯಾಯಾಲಯವೆಂದು ಕರಾರಿನಲ್ಲಿ ಬರೆದುಕೊಂಡಿರುವ ಅಂಗಡಿಗಳ ವಿರುದ್ಧ ಅಸ್ಸಾಮಿನ ಗೃಹಸ್ಥನೂ ತನ್ನ ಜಿಲ್ಲೆಯಲ್ಲಿಯೇ ದೂರು ಕೊಡಬಲ್ಲನು. ಈ ನ್ಯಾಯವು ನಮಗೆ ಬೇಕೆಂದಮೇಲೆ ಅವನಿಗೂ ಬೇಕು.

ಕರಾರಿನಲ್ಲಿ ದೆಹಲಿಯೆಂದು ಬರೆದುಕೊಟ್ಟಿರುವಾಗ ಈ ಹಕ್ಕು ಉಳಿಯುವುದು ಹೇಗೆಂದು ಕೇಳಬಹುದು. ಅಧಿನಿಯಮದ 100ನೆಯ ಪ್ರಕರಣವು, ಈ ಕಾನೂನಿನ ಪರಿಹಾರವು ಇತರ ಕಾನೂನುಗಳಿಗೆ ಹೆಚ್ಚಿನದಾಗಿ ಸೇರಿದುದೇ ಹೊರತು ಅವುಗಳಿಂದ ಕುಂದುವಂಥದಲ್ಲವೆನ್ನುತ್ತದೆ. ಇದೇ ತತ್ತ್ವದ ಮೇಲೆ, ಮನೆ ಕೊಂಡವರ ಕರಾರಿನಲ್ಲಿ ಪಂಚಾಯಿತಿದಾರರ ಮುಂದೆಯೇ ವ್ಯಾಜ್ಯವು ತೀರಬೇಕೆಂಬ ಷರತ್ತಿದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟು 2018ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಶಾಸನವು ದುರ್ಬಲನಿಗೆಂದು ಕೊಟ್ಟ ಆಶ್ರಯವನ್ನು ಪ್ರಬಲನು ತಾನೇ ಅಚ್ಚುಮಾಡಿಸಿದ ಒಂದು ಸಾಲಿನಿಂದ ತೆಗೆದುಹಾಕಬಹುದಾದರೆ ಶಾಸನವಿದ್ದು ಪ್ರಯೋಜನವೇನು? ಗ್ರಾಹಕನನ್ನು ಅನ್ಯಾಯವಾಗಿ ತೊಂದರೆಗೆ ಸಿಕ್ಕಿಸುವ ಷರತ್ತುಳ್ಳ ಕರಾರನ್ನು “ಅನುಚಿತ ಕರಾರು” ಎಂದು ಈ ಅಧಿನಿಯಮವು ಕರೆದಿದೆ. ಅಂಥ ಷರತ್ತನ್ನು ಶೂನ್ಯವೆಂದು ಸಾರುವ ಅಧಿಕಾರವನ್ನು ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಕೊಟ್ಟಿದೆ.

ಈ ರಕ್ಷಣೆಗೆ ಎಲ್ಲೆಗಳೂ ಇವೆ. ವ್ಯಾಪಾರಕ್ಕಾಗಿ ಕೊಂಡವನು ಗ್ರಾಹಕನಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿ ಹೊಲಿಗೆಯಂತ್ರವನ್ನು ಕೊಂಡವಳಾದರೋ ಗ್ರಾಹಕಳೇ. ನೌಕರಿಯ ಕರಾರಿಗೂ ಇದು ಅನ್ವಯಿಸದು. ಬ್ಯಾಂಕುಗಳು ಕೆಲಸದಿಂದ ತೆಗೆದ ನೌಕರರು ತಮ್ಮ ಊರುಗಳಲ್ಲಿ ಹೂಡಿದ ದಾವೆಗಳ ವಿಷಯದಲ್ಲಿ, ನೇಮಕದ ಪತ್ರದಲ್ಲಿದ್ದ ಮುಂಬಯಿಯ ಷರತ್ತನ್ನು ಸುಪ್ರೀಂ ಕೋರ್ಟು 2025ರ ಏಪ್ರಿಲಿನಲ್ಲಿ ಎತ್ತಿಹಿಡಿಯಿತು. ಇನ್ನು, ಕಂಪನಿಯವರೇ ಬಾಕಿ ಹಣಕ್ಕಾಗಿ ದೂರದ ಊರಿನ ಸಿವಿಲ್ ನ್ಯಾಯಾಲಯದಲ್ಲಿ ನಮ್ಮ ಮೇಲೆ ದಾವೆ ಹೂಡಿದರೆ ಗ್ರಾಹಕರ ಆಯೋಗವು ಅದನ್ನು ತಡೆಯಲಾರದು. ಅಲ್ಲಿಂದ ಬಂದ ನೋಟೀಸನ್ನು ಕಸದ ಬುಟ್ಟಿಗೆ ಹಾಕಬಾರದು. ಹಾಕಿದರೆ ಏಕಪಕ್ಷೀಯವಾಗಿ ಡಿಕ್ರಿಯಾಗುವುದು. ಕೂಡಲೇ ವಕೀಲರನ್ನು ಕಾಣಬೇಕು.

ಬೇರೆ ದೇಶಗಳಲ್ಲಿ ಈ ವಿಷಯವು ಹೇಗೆ ನಡೆದಿದೆಯೆಂಬುದನ್ನೂ ನೋಡುವುದು ಒಳ್ಳೆಯದು. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ದಂಪತಿಗಳು ಹಡಗಿನ ವಿಹಾರಕ್ಕೆ ಹೋದಾಗ ಹೆಂಡತಿಯು ಜಾರಿಬಿದ್ದು ಪೆಟ್ಟು ತಿಂದಳು. ಟಿಕೆಟ್ಟಿನಲ್ಲಿ ಫ್ಲಾರಿಡಾದ ನ್ಯಾಯಾಲಯವೆಂದು ಅಚ್ಚಾಗಿದ್ದಿತು. ಫ್ಲಾರಿಡಾ ಆ ದೊಡ್ಡ ದೇಶದ ಮತ್ತೊಂದು ಮೂಲೆ. ಆದರೂ ಅಮೆರಿಕದ ಸುಪ್ರೀಂ ಕೋರ್ಟು 1991ರಲ್ಲಿ ಆ ಷರತ್ತನ್ನು ಎತ್ತಿಹಿಡಿಯಿತು. ಯೂರೋಪಿನಲ್ಲಿ ದಾರಿಯು ಬೇರೆಯಾಯಿತು. ಸ್ಪೇನಿನಲ್ಲಿ ವಿಶ್ವಕೋಶಗಳನ್ನು ಕಂತಿನ ಮೇಲೆ ಮಾರಿದವರು, ಕೊಂಡವರಲ್ಲಿ ಒಬ್ಬರೂ ಬಾರ್ಸಿಲೋನಾದವರಲ್ಲದಿದ್ದರೂ, ಕರಾರಿನ ಬಲದಿಂದ ಅವರ ಮೇಲೆ ಬಾರ್ಸಿಲೋನಾದಲ್ಲಿ ದಾವೆ ಹೂಡಿದರು. ಅಂಥ ಷರತ್ತು ಅನುಚಿತವೆಂದೂ, ಪ್ರತಿವಾದಿಯು ಬಾಯಿ ತೆರೆಯದಿದ್ದರೂ ನ್ಯಾಯಾಧೀಶನೇ ಅದನ್ನು ಎತ್ತಿ ವಿಚಾರಿಸಬಹುದೆಂದೂ ಯೂರೋಪಿನ ನ್ಯಾಯಾಲಯವು 2000ದ ಜೂನಿನಲ್ಲಿ ಹೇಳಿತು. ಜ್ಞಾನವನ್ನು ಮನೆಗೆ ತರಿಸಿಕೊಂಡವರಿಗೆ ಕಂತಿನ ಬಾಕಿಯೊಡನೆ ಬಾರ್ಸಿಲೋನಾದ ಪ್ರಯಾಣವೂ ಗಂಟುಬಿದ್ದಿತ್ತು! ಕೆನಡಾದ ಸುಪ್ರೀಂ ಕೋರ್ಟು 2017ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿಯೇ ದಾವೆ ಹೂಡಬೇಕೆಂಬ ಫೇಸ್‌ಬುಕ್ಕಿನ ಷರತ್ತನ್ನು ನಡೆಸಿಕೊಡಲು ಒಪ್ಪಲಿಲ್ಲ.

ಕಾನೂನನ್ನು ಗೊತ್ತುಮಾಡುವ ಮೊದಲನೆಯ ವಾಕ್ಯದ ವಿಷಯದಲ್ಲಿ, ಆಸ್ಟ್ರಿಯಾದ ಗ್ರಾಹಕರ ಸಂಘಕ್ಕೂ ಅಮೆಜಾನಿಗೂ ನಡೆದ ಮೊಕದ್ದಮೆಯು ಬಹಳ ಉಪದೇಶಕರವಾದುದು. ಕರಾರಿಗೆ ಲಕ್ಸೆಂಬರ್ಗಿನ ಕಾನೂನು ಅನ್ವಯಿಸುವುದೆಂದು ಅಲ್ಲಿ ಬರೆದಿತ್ತು. ಕೊಂಡವನ ಸ್ವದೇಶದ ಕಾನೂನು ಅವನಿಗೆ ಬಿಡದೆ ಕೊಡುವ ರಕ್ಷಣೆಯೂ ಜೊತೆಗೇ ಉಂಟೆಂಬುದನ್ನು ತಿಳಿಸದೆ, ಆ ಒಂದೇ ಕಾನೂನು ನಡೆಯುವುದೆಂಬ ಭ್ರಾಂತಿಯನ್ನು ಹುಟ್ಟಿಸುವ ಷರತ್ತು ಅನುಚಿತವೆಂದು 2016ರ ಜುಲೈಯಲ್ಲಿ ಯೂರೋಪಿನ ನ್ಯಾಯಾಲಯವು ಹೇಳಿತು. ಇಲ್ಲಿ ಮುಖ್ಯವಾದ ಮಾತು ಭ್ರಾಂತಿ ಎಂಬುದು. ಹಗ್ಗವನ್ನು ಹಾವೆಂದು ಕಂಡು ಹೆದರಿದವನಿಗೆ ಹಾವು ಕಚ್ಚುವುದಿಲ್ಲ. ಆದರೆ ಅವನು ಆ ದಾರಿಯಲ್ಲಿ ಮುಂದೆ ಹೆಜ್ಜೆಯಿಡುವುದಿಲ್ಲ. ಇಂಥ ಸಾಲುಗಳು ನ್ಯಾಯಾಲಯದಲ್ಲಿ ಮಾಡುವ ಕೆಲಸಕ್ಕಿಂತ ಮನೆಯಲ್ಲಿ ಮಾಡುವ ಕೆಲಸವೇ ದೊಡ್ಡದು. ಅವುಗಳನ್ನು ಓದಿ ಸುಮ್ಮನಾದವನ ದೂರು ನ್ಯಾಯಾಧೀಶನ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮಲ್ಲಿಯೂ ಪರದೇಶದ ಕಂಪನಿಗಳ ಕರಾರುಗಳಲ್ಲಿ ಅವರವರ ದೇಶದ ಕಾನೂನೆಂದು ಬರೆದಿರುವುದುಂಟು. ಭಾರತದಲ್ಲಿ ಸ್ಥಾಪಿತವಾಗದಿದ್ದರೂ ಇಲ್ಲಿಯ ಗ್ರಾಹಕರಿಗೆ ಕ್ರಮವಾಗಿ ಸಾಮಾನನ್ನಾಗಲಿ ಸೇವೆಯನ್ನಾಗಲಿ ಒದಗಿಸುವ ಇ-ವಾಣಿಜ್ಯ ಸಂಸ್ಥೆಗಳಿಗೂ 2020ರ ನಿಯಮಗಳು ಅನ್ವಯಿಸುತ್ತವೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಈ ದೇಶದಲ್ಲಿ ಕಚೇರಿಯೂ ಆಸ್ತಿಯೂ ಇಲ್ಲದವನ ವಿರುದ್ಧ ಆಜ್ಞೆಯನ್ನು ಪಡೆಯಬಹುದು. ಹಣವನ್ನು ವಸೂಲು ಮಾಡುವುದು ಕಷ್ಟ. ಆದುದರಿಂದ ದೊಡ್ಡ ಮೊತ್ತವನ್ನು ತೆರುವ ಮೊದಲು, ಮಾರುವವನಿಗೆ ಭಾರತದಲ್ಲಿ ವಿಳಾಸವುಂಟೇ ಎಂಬುದನ್ನು ನೋಡಿಕೊಳ್ಳುವುದು ಜಾಣತನ.

ಇನ್ನು ವರ್ತಕರ ಪೂರ್ವಪಕ್ಷವನ್ನೂ ಕೇಳದೆ ಸಿದ್ಧಾಂತವನ್ನು ಹೇಳುವುದು ನ್ಯಾಯವಲ್ಲ. ದೇಶದಲ್ಲೆಲ್ಲ ಮಾರುವ ನಾವು ಒಂದೊಂದು ಸಣ್ಣ ದೂರಿಗೂ ಒಂದೊಂದು ಜಿಲ್ಲೆಗೆ ಓಡಬೇಕಾದರೆ ಖರ್ಚು ಹೆಚ್ಚುವುದು. ಆ ಖರ್ಚು ಕೊನೆಗೆ ಕೊಳ್ಳುವವನ ತಲೆಗೇ ಬರುವುದು. ಒಂದೇ ಊರಾದರೆ ಸಾಮಾನು ಅಗ್ಗವಾಗುವುದು ಎಂದು ಅವರು ಹೇಳುವರು. ಅಮೆರಿಕದ ಹಡಗಿನ ಮೊಕದ್ದಮೆಯಲ್ಲಿ ಈ ಬಗೆಯ ಯುಕ್ತಿಗೆ ಮನ್ನಣೆ ದೊರೆಯಿತು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಮನೆಯಲ್ಲಿ ಕುಳಿತು ಸಣ್ಣ ವ್ಯಾಪಾರವನ್ನು ಮಾಡುವ ಹೆಂಗಸಿಗೆ ದೂರದ ಜಿಲ್ಲೆಯ ದೂರು ನಿಜವಾಗಿಯೂ ಭಾರವೇ.

ಆದರೂ ಭಾರವನ್ನು ಯಾರು ಹೊರಬೇಕೆಂಬುದನ್ನು ಹೊರಬಲ್ಲವರು ಯಾರು ಎಂಬುದರಿಂದ ನಿರ್ಣಯಿಸಬೇಕು. ವರ್ತಕನು ಲಾಭಕ್ಕಾಗಿ ತಾನಾಗಿಯೇ ದೂರದ ಜಿಲ್ಲೆಗೆ ಕೈ ಚಾಚಿದವನು. ಖರ್ಚನ್ನು ಸಾವಿರಾರು ಮಂದಿ ಕೊಳ್ಳುವವರ ಮೇಲೆ ಕಾಸು ಕಾಸಾಗಿ ಹಂಚಿಕೊಳ್ಳಬಲ್ಲನು. ಗೃಹಸ್ಥನಿಗೆ ಹಂಚಿಕೊಳ್ಳಲು ಯಾರೂ ಇಲ್ಲ. ಅದೂ ಅಲ್ಲದೆ ವಿಚಾರಣೆಗೆ ವಿಡಿಯೋ ಮೂಲಕ ಹಾಜರಾಗುವ ಅವಕಾಶವನ್ನು 2019ರ ಅಧಿನಿಯಮವೇ ಉಭಯರಿಗೂ ಕಲ್ಪಿಸಿದೆ. ಸಣ್ಣ ವ್ಯಾಪಾರಿಗೂ ಅದರಿಂದ ಸಮಾಧಾನವುಂಟು.

ಈ ವಿವೇಕವು ನಮಗೆ ಹೊಸದಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಕುಲ, ಶ್ರೇಣಿ, ಪೂಗಗಳೆಂಬ ಸಭೆಗಳೂ, ಅವುಗಳ ಮೇಲೆ ರಾಜನು ನೇಮಿಸಿದ ಅಧಿಕಾರಿಗಳೂ ವ್ಯಾಜ್ಯವನ್ನು ತೀರಿಸುವ ಕ್ರಮವು ಹೇಳಲ್ಪಟ್ಟಿದೆ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬೀದರ ಜಿಲ್ಲೆಯಲ್ಲಿರುವ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ಪೂಗವೆಂದರೆ ನಾನಾ ಜಾತಿಯ ನಾನಾ ವೃತ್ತಿಯ ಜನರು ಒಂದೇ ಸ್ಥಳದಲ್ಲಿ ವಾಸಿಸುವವರ ಸಮೂಹವೆಂದು ಅರ್ಥಮಾಡಿದನು. ನ್ಯಾಯದ ಮೊದಲ ಮೆಟ್ಟಿಲು ವಾಸಸ್ಥಳದ ಸಮೀಪದಲ್ಲಿತ್ತೆಂಬುದು ಇದರಿಂದ ತಿಳಿಯುವುದು. ಬಲಾತ್ಕಾರದಿಂದಾಗಲಿ ಕಪಟದಿಂದಾಗಲಿ ನಡೆದ ವ್ಯವಹಾರವನ್ನು ರದ್ದುಮಾಡಬೇಕೆಂಬ ವಿಧಿಯೂ ಅದೇ ಅಧ್ಯಾಯದಲ್ಲಿದೆ. ಗುಂಡಿ ಒತ್ತಿಸುವುದು ಬಲಾತ್ಕಾರವೆಂದು ನಾವು ಹೇಳುವುದಿಲ್ಲ. ಆದರೆ ಒತ್ತದಿದ್ದರೆ ಸಾಮಾನಿಲ್ಲ, ಒಂದಕ್ಷರವನ್ನೂ ತಿದ್ದುವಂತಿಲ್ಲ ಎಂಬಲ್ಲಿ ಸ್ವತಂತ್ರವಾದ ಸಮ್ಮತಿಯು ಎಷ್ಟಿದೆಯೆಂಬುದನ್ನು ವಿಚಾರವಂತರು ಊಹಿಸಬಲ್ಲರು.

ಈಗ ಗೃಹಸ್ಥರು ಮಾಡತಕ್ಕುದನ್ನು ಸಂಗ್ರಹವಾಗಿ ಹೇಳುವೆವು. ಬಿಲ್ಲು, ಹಣ ಕೊಟ್ಟ ದಾಖಲೆ, ಸಾಮಾನಿನ ಚಿತ್ರ, ಪತ್ರವ್ಯವಹಾರ ಇವನ್ನು ಜೋಪಾನವಾಗಿಡಬೇಕು. ಮೊದಲು ಅಂಗಡಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವನು 48 ಗಂಟೆಗಳೊಳಗಾಗಿ ದೂರು ಮುಟ್ಟಿತೆಂದು ತಿಳಿಸತಕ್ಕದ್ದು, ಒಂದು ತಿಂಗಳೊಳಗಾಗಿ ಪರಿಹರಿಸತಕ್ಕದ್ದು. ಅಲ್ಲಿ ಆಗದಿದ್ದರೆ 1915 ಎಂಬ ಸಂಖ್ಯೆಗೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ಅದರಿಂದಲೂ ಆಗದಿದ್ದರೆ ತಮ್ಮ ಜಿಲ್ಲೆಯ ಆಯೋಗಕ್ಕೆ ದೂರು ಕೊಡಬೇಕು. ಕೊಟ್ಟ ಬೆಲೆಯು 50 ಲಕ್ಷ ರೂಪಾಯಿಯನ್ನು ಮೀರದ ದೂರುಗಳು ಅಲ್ಲಿಯವು; 5 ಲಕ್ಷದವರೆಗೆ ಶುಲ್ಕವಿಲ್ಲ; ವಕೀಲರು ಬೇಕೆಂಬ ಕಡ್ಡಾಯವಿಲ್ಲ. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಎಂಬ ವ್ಯವಸ್ಥೆಯಲ್ಲಿ ಮನೆಯಿಂದಲೇ ದೂರನ್ನು ಸಲ್ಲಿಸಬಹುದು. ವ್ಯಾಜ್ಯಕಾರಣವು ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬೇಕೆಂಬುದನ್ನು ಮಾತ್ರ ಮರೆಯಬಾರದು. ಆಯೋಗದ ಆಜ್ಞೆಯನ್ನು ಪಾಲಿಸದವರಿಗೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಕಾರಾಗೃಹವನ್ನಾಗಲಿ, 25,000 ರೂಪಾಯಿಗೆ ಕಡಿಮೆಯಿಲ್ಲದ ಜುಲ್ಮಾನೆಯನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದೆಂದು ಅಧಿನಿಯಮದಲ್ಲಿದೆ.

ಕಂಪನಿಯವರು ಉತ್ತರದಲ್ಲಿ ತಮ್ಮ ಕರಾರಿನ ಸಾಲನ್ನು ಎತ್ತಿ ತೋರಿಸಿ, ದೆಹಲಿಗೋ ಮುಂಬಯಿಗೋ ಬನ್ನಿರೆಂದು ಬರೆದರೆ ಎದೆಗುಂದಬೇಕಾದುದಿಲ್ಲ. 2019ರ ಅಧಿನಿಯಮದ 34ನೆಯ ಪ್ರಕರಣದಂತೆ ನಾವು ವಾಸಿಸುವ ಊರಿನಲ್ಲಿಯೇ ದೂರು ಕೊಡುವೆವೆಂದು ಎರಡು ಸಾಲಿನ ಉತ್ತರವನ್ನು ವಿನಯದಿಂದ ಬರೆದರೆ ಸಾಕು. ಅನೇಕ ವ್ಯಾಜ್ಯಗಳು ಅಷ್ಟಕ್ಕೇ ಮುಗಿಯುವ ಸಂಭವವುಂಟು. ಏಕೆಂದರೆ ಎದುರಿನವನು ಓದಿದವನೆಂದು ತಿಳಿದರೆ ಮಾತಿನ ಧಾಟಿಯು ಬದಲಾಗುತ್ತದೆ. ಮನೆಯಲ್ಲಿ ಹಿರಿಯರಿಗೆ ಇಂಗ್ಲಿಷು ಬಾರದಿದ್ದರೆ ಕಲಿತ ಮಕ್ಕಳು ಕರಾರಿನ ಕೊನೆಯ ಪುಟವನ್ನು ಓದಿ ಕನ್ನಡದಲ್ಲಿ ಹೇಳಲಿ. ಅದಕ್ಕೆ ಕಾಲುಗಂಟೆ ಹಿಡಿಯಬಹುದು. ಶಾಲೆಯಲ್ಲಿ ಕಲಿತ ಭಾಷೆಗೆ ಅದಕ್ಕಿಂತ ಒಳ್ಳೆಯ ಉಪಯೋಗವು ನಮಗೆ ತೋರುವುದಿಲ್ಲ.